ಇಂಜಿನಿಯರಮ್ಮ ಒಡೆಯಲೆಂದು ಅಂಟಿಸಿದ ಗಾಜು

ಇಂಜಿನಿಯರಮ್ಮನ ಬಲಗೈ ನಡುಬೆರಳಿನ ಗೆಣ್ಣು ಕಪ್ಪಗೆ ಜಡ್ಡುಗಟ್ಟಿತ್ತು. ಗಾರೆ ಕೆಲಸದಲ್ಲಿ ಐವತ್ತು ವರ್ಷ ಸವೆಸಿದವನು ನಾನು. ನನಗೆ ಅಂಗೈಯಲ್ಲಿ ಜಡ್ಡು ಇದೆ, ಮೊಣಕಾಲಲ್ಲಿ ಇದೆ. ಗೆಣ್ಣಿನ ಮೇಲೆ ಕಂಡದ್ದು ಅವರೊಬ್ಬರಿಗೇ. ಯಾವ ಮನೆಗೆ ಬಂದರೂ ಮೊದಲು ಆ ಗೆಣ್ಣಿನಿಂದ ಗೋಡೆಯನ್ನು ಬಾಗಿಲು ತಟ್ಟುವ ಹಾಗೆ ಟಕಟಕ ತಟ್ಟುವರು. ಆಮೇಲೆ ಕಿವಿಯಿಟ್ಟು, ಒಳಗಿನಿಂದ ಯಾರೋ ಓಗೊಡುತ್ತಾರೆ ಎಂಬಂತೆ ಕಾಯುವರು. ಅಷ್ಟು ಹೊತ್ತು ಮನೆಯವರೆಲ್ಲ ಉಸಿರು ಹಿಡಿದು ನಿಂತಿರಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ಇಷ್ಟುದ್ದ ಎಂದೂ ಬರೆದವನಲ್ಲ. ಆದರೆ ಈಗ ಮನೆಯಲ್ಲಿ ಹತ್ತು ತಿಂಗಳ ಮೊಮ್ಮಗಳಿದ್ದಾಳೆ. ಮೇಲೆರಡು, ಕೆಳಗೆರಡು ಹಲ್ಲು. ಅವಳು ಒಂದು ಸಲ ನಕ್ಕರೆ ನನಗೆ ಯಾರನ್ನಾದರೂ ನಿಲ್ಲಿಸಿ ಹೇಳದಿದ್ದರೆ ಆಗುವುದಿಲ್ಲ. ಬೀದಿಯವರೆಲ್ಲ ಕೇಳಿ ಕೇಳಿ ಸಾಕಾಗಿದ್ದಾರೆ. ಹಾಲಿನವನಂತೂ ಪಾಕೀಟು ಇಟ್ಟು, ನಾನು ಬಾಯಿ ತೆರೆಯುವುದರೊಳಗೆ ಸೈಕಲ್ ಹತ್ತುತ್ತಾನೆ. ಅದಕ್ಕೇ ಕಾಗದದ ಮುಂದೆ ಕೂತಿದ್ದೇನೆ. ಅವಳ ಸಂಗತಿ ಹೇಳಬೇಕೆಂದರೆ ಇಂಜಿನಿಯರಮ್ಮನಿಂದಲೇ ಶುರುಮಾಡಬೇಕು.

ಭೂಮಿ ಅಲುಗಿದ್ದು ಬೆಳಗ್ಗೆ ಹಾಲು ಕಾಯಿಸುವ ಹೊತ್ತಿಗೆ. ಭೂಕಂಪ ಎಂದರೆ ಟಿ.ವಿ.ಯಲ್ಲಿ ನೋಡುವಂಥದ್ದು ಎಂದುಕೊಂಡಿದ್ದವರು ನಾವು ಮೈಸೂರಿನವರು. ಹೊಸ ಬಡಾವಣೆಗಳ ಮನೆಗಳಿಗೆ ಹೆಚ್ಚೇನೂ ಆಗಲಿಲ್ಲ. ಮಂಡಿ ಮೊಹಲ್ಲಾದ ನಮ್ಮ ಸಾಲು ಮಾತ್ರ ತಾತನ ಕಾಲದಲ್ಲಿ ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಒರಗಿ ನಿಂತದ್ದು. ಮೂಲೆಯ ಎರಡು ಮನೆ ಕುಸಿದು ಕೂತವು. ಮಿಕ್ಕವು ಬಿರುಕು ಬಿಟ್ಟುಕೊಂಡು ನಿಂತವು. ಪುಣ್ಯಕ್ಕೆ ಜೀವ ಹೋಗಲಿಲ್ಲ. ನಮ್ಮನ್ನೆಲ್ಲ ಕೆಸರೆಯ ಕಡೆ ಒಂದು ಶಾಲೆಗೆ ಸಾಗಿಸಿದರು. ನಾನು, ನನ್ನ ಹೆಂಡತಿ, ಜೊತೆಗೆ ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆಂದು ಮಂಡ್ಯದಿಂದ ಬಂದು ಹತ್ತು ದಿನವೂ ಆಗಿರದ ಮಗಳು.

ನಮ್ಮ ಕಡೆಯ ಬೀದಿಗಳನ್ನು ಮತ್ತೆ ನಿಲ್ಲಿಸುವ ಕೆಲಸವನ್ನು ನಗರಪಾಲಿಕೆ ಈ ಇಂಜಿನಿಯರಮ್ಮನಿಗೆ ಒಪ್ಪಿಸಿತ್ತು. ನಿವೃತ್ತಿ ಹತ್ತಿರವಿದ್ದವರು, ಒಂಟಿ ಹೆಂಗಸು. ವಯಸ್ಸಿನಲ್ಲಿದ್ದಾಗ ಗುಜರಾತಿನ ಕಛ್‌ನಲ್ಲಿ ದೊಡ್ಡ ಭೂಕಂಪವಾದ ಮೇಲೆ ಅಲ್ಲಿಗೆ ಹೋಗಿ ಒಂದು ವರ್ಷ ಕೆಲಸ ಮಾಡಿ ಬಂದವರಂತೆ. ಅಲ್ಲಿ ಕಲಿತದ್ದನ್ನೇ ಇಲ್ಲೂ ಮಾಡಿದರು. ಬಾಗಿಲ ಚೌಕಟ್ಟಿಗೆ ಬಣ್ಣ ಬಳಿಯುವುದು. ಹಸಿರಾದರೆ ವಾಪಸು ಹೋಗಿ ವಾಸ ಮಾಡಬಹುದು. ಹಳದಿಯಾದರೆ ಹಗಲು ಹೊತ್ತು ಹೋಗಿ ಸಾಮಾನು ತರಬಹುದು, ಮಲಗುವ ಹಾಗಿಲ್ಲ. ಕೆಂಪಾದರೆ ಕಾಲಿಡುವ ಹಾಗಿಲ್ಲ. ಯಾರ ಮನೆಯನ್ನು ಯಾವತ್ತು ನೋಡುತ್ತಾರೆಂದು ಶಾಲೆಯ ಕರಿಹಲಗೆಯ ಮೇಲೆ ಬರೆದಿರುತ್ತಿದ್ದರು. ದೊಡ್ಡವರ ಹೆಸರು ಹೇಳಿಕೊಂಡು ನಮ್ಮದು ಮೊದಲು ನೋಡಿ ಎಂದು ಬಂದವರಿಗೂ ಮಾತಾಡದೆ ಹಲಗೆ ತೋರಿಸುವರು. ಬೇಡಿಕೊಂಡವರಿಗೆ ಒಂದೇ ಮಾತು: “ಇವತ್ತು ಬೇಡ ಅಂದೆ. ಯಾವತ್ತೂ ಬೇಡ ಅಂದ್ನಾ?”

ಮನೆಗೆ ಬಂದರೆ ಗಂಡಸರನ್ನು ಏನೂ ಕೇಳುತ್ತಿರಲಿಲ್ಲ. ನಾನು ಮೇಸ್ತ್ರಿ, ಗೋಡೆಯ ಹುಟ್ಟು ಬಲ್ಲವನು, ನಾಲ್ಕು ಮಾತು ಹೇಳೋಣವೆಂದು ಮುಂದೆ ಹೋದರೆ, ನೀವು ಗೋಡೆ ಕಟ್ಟುವವರಿರಬಹುದು, ಒಳಗೆ ಬದುಕುವವರು ಅವರು ಎಂದು ನನ್ನ ಹೆಂಡತಿಯ ಕಡೆ ತಿರುಗಿದರು. ಯಾವ ಶೆಲ್ಫಿನ ಪಾತ್ರೆ ಬಿತ್ತು, ಯಾವ ಕಿಟಕಿಯ ಅಗುಳಿ ಸೇರುತ್ತಿಲ್ಲ ಎಂದೆಲ್ಲ ಕೇಳಿದರು. ಅಡುಗೆಮನೆ ಬಾಗಿಲು ಮೊದಲು ಬಿಟ್ಟ ಕಡೆ ನಿಲ್ಲುತ್ತಿತ್ತು, ಈಗ ತಾನೇ ತೆರೆದುಕೊಳ್ಳುತ್ತದೆ ಎಂದಳು ಇವಳು. ಅದನ್ನು ಪುಸ್ತಕದಲ್ಲಿ ಬರೆದು ಕೆಳಗೆ ಗೀಟು ಎಳೆದರು. ನನಗೆ ಮುಖ ಸಣ್ಣದಾಯಿತು. ಇನ್ನೊಂದು ವಿಚಿತ್ರವೆಂದರೆ, ಯಾರ ಮನೆಯಲ್ಲೂ ಒಂದು ಲೋಟ ನೀರು ಮುಟ್ಟುತ್ತಿರಲಿಲ್ಲ. ಇವಳು ಮಜ್ಜಿಗೆ ಹಿಡಿದು ನಿಂತರೆ ಕೈಮುಗಿದು ಹೊರಟೇಬಿಟ್ಟರು. “ಏನ್ ಬಿಂಕ ಕಣಮ್ಮ ಆವಮ್ಮಂಗೆ” ಎಂದು ಪಕ್ಕದ ಮನೆಯಾಕೆ ಮೂಗು ಮುರಿದಳು.

ನಮ್ಮದಕ್ಕೆ ಹಳದಿ ಬಿತ್ತು. ನಡುಮನೆಗೂ ಒಳಕೋಣೆಗೂ ನಡುವಿನ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು. ಅದರ ಮೇಲೆ ಅಡ್ಡಡ್ಡವಾಗಿ, ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನು ಎರಡು ತುದಿಗೂ ಸಿಮೆಂಟು ಮೆತ್ತಿ ಅಂಟಿಸಿದರು. ಪಕ್ಕದಲ್ಲಿ ತಾರೀಖು ಬರೆದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಮೂರು ವಾರ ಒಡೆಯದಿದ್ದರೆ ಗೋಡೆ ನಿಂತುಕೊಂಡಿದೆ ಎಂದರ್ಥ, ಆಗ ರಿಪೇರಿ ಮಾಡಿಸಿಕೊಂಡು ವಾಪಸು ಬರಬಹುದು. ಅವರು ಸಿಮೆಂಟು ಮೆತ್ತಿದ್ದೋ, ಮಕ್ಕಳು ಸಗಣಿ ಎರಚಿದ ಹಾಗಿತ್ತು. ಪಟ್ಟಿಯೂ ಸೊಟ್ಟ. ಅಮ್ಮಾವ್ರೇ, ಆ ಕೆಲಸ ನಮಗೆ ಬಿಡಿ ಎಂದು ನಕ್ಕೆ. ಅವರೂ ನಕ್ಕರು.

“ಇದು ಚೆನ್ನಾಗಿ ಕಾಣೋಕಲ್ಲ ಮೇಸ್ತ್ರಿಗಳೇ, ಒಡೆಯೋಕೆ.”

ಎರಡು ಸೋಮವಾರ ಬಂದು ನೋಡಿದರು. ಗಾಜು ಹಾಗೇ ಇತ್ತು. ಅಷ್ಟರಲ್ಲಿ ಮಗಳಿಗೆ ಎಂಟು ತುಂಬುತ್ತಾ ಬಂತು. ಶಾಲೆಯ ಹಾಲ್‌ನಲ್ಲಿ ಸೀರೆ ಕಟ್ಟಿದ ಮರೆ, ಆಚೆ ಈಚೆ ಹತ್ತು ಸಂಸಾರ, ಎರಡು ನಲ್ಲಿ. ಮಂಡ್ಯದ ಬೀಗಿತ್ತಿಯದು ದಿನಾ ಫೋನು. ಬಾಣಂತಿಯನ್ನು ಎಲ್ಲಿ ಮಲಗಿಸುತ್ತೀರಿ, ಎಣ್ಣೆನೀರು ಎಲ್ಲಿ ಹಾಕುತ್ತೀರಿ, ಮನೆಯಿಲ್ಲದ ಮೇಲೆ ತವರು ಯಾಕೆ, ನಾವೇ ಬಂದು ಕರೆದುಕೊಂಡು ಹೋಗುತ್ತೇವೆ ಎನ್ನುವರು. ಊರಿಗೆಲ್ಲ ಮನೆ ಕಟ್ಟಿಕೊಟ್ಟವನು, ಮಗಳ ಚೊಚ್ಚಲ ಬಾಣಂತನಕ್ಕೆ ಒಂದು ಕೋಣೆ ಕೊಡಲಾರದೆ ಹೋದೆನಲ್ಲ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೂರನೇ ಸೋಮವಾರಕ್ಕಾಗಿ ದಿನ ಎಣಿಸುತ್ತಿದ್ದೆ.

ಅದರ ಹಿಂದಿನ ಶನಿವಾರ ಮಧ್ಯಾಹ್ನ, ಮಗುವಿಗೆಂದು ಎತ್ತಿಟ್ಟಿದ್ದ ಹಳೇ ಪಂಚೆಗಳನ್ನು ತರಲು ಒಬ್ಬನೇ ಮನೆಗೆ ಹೋದೆ. ಗಾಜು ನಡುವಿಗೆ ಸರಿಯಾಗಿ ಒಡೆದಿತ್ತು.

ಎಷ್ಟು ಹೊತ್ತು ನೋಡುತ್ತಾ ನಿಂತೆನೋ. ಮುಂದಿನ ರಸ್ತೆಯಲ್ಲಿ ಮಂಡಿಯ ಲಾರಿಗಳು ಓಡಾಡುತ್ತವೆ, ಆ ಅದುರಿಗೆ ಒಡೆದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಗಾಜಿನಂಗಡಿಗೆ ಹೋಗಿ ಅದೇ ಅಳತೆಯ ಪಟ್ಟಿ ಕೊಯ್ಯಿಸಿ ತಂದೆ. ಹಳೆಯದನ್ನು ಕೆತ್ತಿ ತೆಗೆದು, ಹೊಸದನ್ನು ಕೂರಿಸಿ, ಸಿಮೆಂಟು ಮೆತ್ತಿ, ಒಣಗಿದ ಬಣ್ಣ ಬರಲೆಂದು ಮೇಲೆ ಧೂಳು ಒರೆಸಿದೆ. ಗೋಡೆಯ ಮೇಲಿನ ತಾರೀಖು ಹೇಗೂ ಅಲ್ಲೇ ಇತ್ತು. ಹೆಂಡತಿಗೂ ಹೇಳಲಿಲ್ಲ.

ಸೋಮವಾರ ಇಂಜಿನಿಯರಮ್ಮ ಬಂದರು. ಜೊತೆಗೆ ಅವರ ಗುಮಾಸ್ತ, ಹಸಿರು ಬಣ್ಣದ ಡಬ್ಬ ಹಿಡಿದುಕೊಂಡು. ಆ ಡಬ್ಬದ ಮೇಲೇ ನನ್ನ ಕಣ್ಣು. ಅವರು ಪಟ್ಟಿ ನೋಡಿದರು. ಗೋಡೆ ತಟ್ಟಿದರು, ಕಾದರು. ಮತ್ತೆ ಪಟ್ಟಿ ನೋಡಿದರು. ಗುಮಾಸ್ತನನ್ನೂ ನನ್ನ ಹೆಂಡತಿಯನ್ನೂ ಹೊರಗೆ ನಿಂತಿರಲು ಹೇಳಿದರು.

“ಇದನ್ನ ಯಾರು ಅಂಟಿಸಿದ್ದು?”

“ನೀವೇ ಅಲ್ವ್ರಾ ಅಮ್ಮಾವ್ರೇ. ತಾರೀಖು ಅಲ್ಲೇ ಅದೆಯಲ್ಲ.”

“ನನ್ನ ಕೈಲಿ ಯಾವತ್ತಾದ್ರೂ ಇಷ್ಟು ನೆಟ್ಟಗೆ ಬಂದಿದ್ಯಾ? ಅಂಚು ಎಳೆದಿರೋದು ನೋಡಿ. ಈ ಬೀದೀಲಿ ಇಂಥ ಕೈ ಇರೋದು ಒಬ್ರಿಗೇ.”

ಕಳ್ಳತನದಲ್ಲೂ ಕೈ ಸುಮ್ಮನಿರದೆ ಕರಣೆಯಿಂದ ಅಂಚು ತೀಡಿಬಿಟ್ಟಿತ್ತು. ಲಾರಿ ಎಂದೆ, ಮಗಳು ತುಂಬಿದ ಬಸುರಿ ಎಂದೆ, ಬೀಗಿತ್ತಿಯ ಮಾತು ಹೇಳಿದೆ. ಅವರು ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿಯಿತ್ತು.

“ಕಛ್‌ನಲ್ಲೂ ಒಂದು ಮನೇಲಿ ಬಸುರಿ ಸೊಸೆ ಇದ್ಲು” ಎಂದರು. “ಅತ್ತೆ ಚಾ ಮಾಡಿ ಕೊಟ್ರು. ಕುಡಿದೆ. ಪಾಪ ಅನ್ನಿಸ್ತು, ಹಸಿರು ಬಳಿದ್ಬುಟ್ಟೆ. ನಾಲ್ಕನೇ ದಿನ ಮತ್ತೆ ಸಣ್ಣಗೆ ಅಲುಗ್ತು.”

ಅವರು ಯಾರ ಮನೆಯಲ್ಲೂ ನೀರು ಮುಟ್ಟದಿರುವುದು ಯಾಕೆಂದು ಆಗ ತಿಳಿಯಿತು. ನಿಮ್ಮ ತೂಕದ ಗುಂಡು ಎಲ್ಲಿದೆ ಎಂದರು. ದಾರಕ್ಕೆ ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಿತ್ತಾಳೆ ಗುಂಡು. ಮೂಲೆಯಲ್ಲಿ ನನ್ನ ಚೀಲದಲ್ಲೇ ಇತ್ತು. ಐವತ್ತು ವರ್ಷ ಊರವರ ಗೋಡೆಗೆಲ್ಲ ಅದನ್ನು ಹಿಡಿದವನು, ಭೂಮಿ ಅಲುಗಿದಾಗಿನಿಂದ ನನ್ನ ಮನೆಯ ಗೋಡೆಗೆ ಒಂದು ಸಲವೂ ಹಿಡಿದಿರಲಿಲ್ಲ.

“ಹಿಡೀರಿ.”

ಒಳಕೋಣೆಯ ಕಡೆಯಿಂದ ಸ್ಟೂಲು ಹತ್ತಿ ಮೇಲೆ ದಾರ ಹಿಡಿದೆ. ಗುಂಡು ತೂಗಾಡಿತು. ನಿಲ್ಲದೇ ಇದ್ದರೆ ಸಾಕು ಎನಿಸುತ್ತಿತ್ತು ನನಗೆ. ನಿಂತಿತು. ಮೇಲೆ ದಾರ ಗೋಡೆಗೆ ತಾಗಿದ್ದರೆ, ಕೆಳಗೆ ಗುಂಡಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ. ಗೋಡೆ ಒಳಕೋಣೆಯ ಕಡೆಗೆ ವಾಲಿತ್ತು. ಅಡುಗೆಮನೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆಂದು ಹೆಂಡತಿ ಹೇಳಿದ್ದು ಇದನ್ನೇ.

“ಮಗಳನ್ನ ಎಲ್ಲಿ ಮಲಗಿಸ್ಬೇಕು ಅಂತಿದ್ರಿ?” ಎಂದು ಕೇಳಿದರು.

ಮಂಚ ಆ ಗೋಡೆಯ ಬುಡದಲ್ಲೇ ಇತ್ತು.

ಅವರು ಹೊರಗೆ ಹೋಗಿ ಗುಮಾಸ್ತನಿಂದ ಕೆಂಪು ಡಬ್ಬ ತರಿಸಿ, ಬ್ರಷ್ಷನ್ನು ನನ್ನ ಕೈಗೆ ಕೊಟ್ಟರು. ನನ್ನ ಮನೆಯ ಬಾಗಿಲಿಗೆ ನಾನೇ ಕೆಂಪು ಬಳಿದೆ. ಬೀದಿಯವರೆಲ್ಲ ನೋಡುತ್ತಿದ್ದರು. ಗೋಡೆ ವಾಲಿದೆ, ಮೇಸ್ತ್ರಿಗಳೇ ಗುಂಡು ಹಿಡಿದು ಕಂಡುಹಿಡಿದರು ಎಂದು ಇಂಜಿನಿಯರಮ್ಮ ಎಲ್ಲರಿಗೂ ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ನಾಳೆಯಿಂದ ಗುಂಡು ತಗೊಂಡು ನನ್ನ ಜೊತೆ ಬನ್ನಿ” ಎಂದಷ್ಟೇ ಅಂದು ಮುಂದಿನ ಮನೆಗೆ ನಡೆದರು.

ಮಾರನೆಯ ದಿನದಿಂದ ಅವರು ತಟ್ಟುವುದು, ನಾನು ಗುಂಡು ಹಿಡಿಯುವುದು. ಶುಕ್ರವಾರ ಊಟದ ಹೊತ್ತು ದಾಟಿ ಸಣ್ಣ ಮಳೆ ಬಂತು. ನಾವು ಬೀದಿಯ ಆ ತುದಿಯಲ್ಲಿದ್ದೆವು. ಮೂಟೆ ಎತ್ತಿಹಾಕಿದಂತೆ ಧಡ್ ಎಂಬ ಸದ್ದು. ಆಮೇಲೆ ಹೆಂಚು ಉದುರುವ ಸದ್ದು. ನಾನು ಓಡಿದೆ. ನಮ್ಮ ಮನೆಯ ನೆತ್ತಿ ಕಾಣಲಿಲ್ಲ, ಬರೀ ಕೆಂಧೂಳು. ಒಳಕೋಣೆ ಇದ್ದ ಕಡೆ ಮಣ್ಣಿನ ಗುಡ್ಡೆ, ಅದರೊಳಗಿಂದ ಮಂಚದ ಒಂದು ಕಾಲು ಮೇಲಕ್ಕೆ ನಿಂತಿತ್ತು. ಊಟ ಮಾಡಿ ನನ್ನ ಮಗಳು ಒರಗುವ ಹೊತ್ತು ಅದೇ.

ಇಂಜಿನಿಯರಮ್ಮ ಏದುಸಿರು ಬಿಡುತ್ತಾ ಬಂದರು. “ಯಾರಾದ್ರೂ ಒಳಗಿದ್ರಾ?” ಎಂದರು. ಇಲ್ಲ ಎಂದೆ. ಮಗಳೆಲ್ಲಿ ಎಂದರು. ಶಾಲೆಯಲ್ಲಿ ಎಂದೆ. ಫೋನು ಮಾಡಿ ಕೇಳಿ ಎಂದರು. ಮಾಡಿದೆ. ಮಗಳೇ ಎತ್ತಿದಳು. ಸಾರಿಗೆ ಹುಳಿ ಜಾಸ್ತಿ ಹಾಕಿದ್ದಾಳೆಂದು ಅವಳಮ್ಮನ ಮೇಲೆ ದೂರು ಹೇಳಲು ಶುರುಮಾಡಿದಳು. ಫೋನನ್ನು ಇಂಜಿನಿಯರಮ್ಮನ ಕಿವಿಗೆ ಹಿಡಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚರಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಗಾಜಿನ ವಿಷಯವನ್ನು ಯಾರಿಗೂ ಹೇಳಲಿಲ್ಲ. ಇವತ್ತು ಮೊದಲ ಸಲ ನಾನೇ ಹೇಳುತ್ತಿದ್ದೇನೆ.

ಆಮೇಲಿನದೆಲ್ಲ ಬೇಗ ಹೇಳಿಬಿಡುತ್ತೇನೆ, ಅಲ್ಲೇ ನನ್ನ ಸಂತೋಷವಿರುವುದು. ಶಾಲೆಯ ಹೆಡ್‌ಮಿಸ್ ಕೂರುವ ಕೋಣೆಯನ್ನು ಇಂಜಿನಿಯರಮ್ಮ ಬಾಣಂತಿಗೆಂದು ಬಿಡಿಸಿಕೊಟ್ಟರು. ಅದರ ಹಿಂದೆ ಹಂಡೆಯೊಲೆ ನಾನೇ ಕಟ್ಟಿದೆ. ಐದು ವಾರಕ್ಕೆ ಮೊಮ್ಮಗಳು ಹುಟ್ಟಿದಳು. ಮುಖ ಸಿಂಡರಿಸಿಕೊಂಡು ಬಂದ ಬೀಗಿತ್ತಿ, ಮಗುವನ್ನು ಎತ್ತಿಕೊಂಡವರು ಸಂಜೆಯವರೆಗೆ ಕೆಳಗಿಡಲಿಲ್ಲ. ಗೋಡೆಯ ಮೇಲಿನ ಭಾರತದ ಭೂಪಟದ ಕೆಳಗೇ ತೊಟ್ಟಿಲು ಕಟ್ಟಿ ಹೆಸರಿಟ್ಟೆವು.

ಮನೆಯನ್ನು ತಳಪಾಯದಿಂದ ಮತ್ತೆ ಎಬ್ಬಿಸಿದೆ. ಪ್ರತಿ ಹಂತಕ್ಕೂ ಇಂಜಿನಿಯರಮ್ಮ ಬಂದರು. ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ಒಂದೇ ಸಮ ಕಾಂಕ್ರೀಟಿನ ಪಟ್ಟಿ ಹೋಗಬೇಕು, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ, ಎಲ್ಲೂ ತುಂಡಾಗಬಾರದು ಎಂದು ಹಟ ಹಿಡಿದರು. ಒಂದು ಮೂಲೆಯಲ್ಲಿ ಕಂಬಿ ಬಾಗಿಸಿದ್ದು ಸರಿಯಿಲ್ಲವೆಂದು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ನಾನು ಗೊಣಗಿದೆ. ಆ ಪಟ್ಟಿಯ ಕಾಂಕ್ರೀಟು ಬಿದ್ದ ದಿನ ನೋಡಿಕೊಂಡು ಹೋದವರು ಮತ್ತೆ ಬರಲಿಲ್ಲ. ಎದೆನೋವೆಂದು ಆಸ್ಪತ್ರೆಗೆ ಸೇರಿದ್ದರಂತೆ. ಗುಮಾಸ್ತ ಫೋನು ಮಾಡಿ ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ಲಕ್ಷ್ಮೀಪುರಂನ ಅವರ ತಮ್ಮನ ಮನೆಗೆ ಹೋದೆ. ಅಲ್ಲಿ ಯಾರಿಗೂ ನನ್ನ ಗುರುತಿಲ್ಲ. ನೀವು ಯಾರು ಎಂದು ಒಬ್ಬರು ಕೇಳಿದರು. ಅವರ ಜೊತೆ ಗುಂಡು ಹಿಡಿಯುತ್ತಿದ್ದವನು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಬೇರೆ ಹೇಳಲು ತಿಳಿಯಲಿಲ್ಲ. ಮಲಗಿಸಿದ್ದವರ ಕಾಲು ಮುಟ್ಟಿ ಬಂದೆ.

ಹೋದ ತಿಂಗಳು ಹೊಸ ಮನೆಗೆ ಬಂದೆವು. ಮೊನ್ನೆ ಭಾನುವಾರ ಮೊಮ್ಮಗಳು ಅಂಬೆಗಾಲಿಟ್ಟು ನಡುಮನೆ ದಾಟಿ, ಒಳಕೋಣೆಯ ಗೋಡೆಗೆ ಎರಡು ಅಂಗೈಯನ್ನೂ ಒತ್ತಿ, ತೊಡೆ ನಡುಗಿಸುತ್ತಾ ಎದ್ದು ನಿಂತಳು. ಮೊದಲ ಸಲ. ಅವಳ ಅಜ್ಜಿ ಬೀಳುತ್ತಾಳೆ ಹಿಡ್ಕೊಳ್ರೀ ಎಂದು ಅಡುಗೆಮನೆಯಿಂದಲೇ ಕೂಗಿದಳು. ನಾನು ಕೂತಲ್ಲಿಂದ ಏಳಲಿಲ್ಲ. ಅವಳು ತನ್ನ ಭಾರವನ್ನೆಲ್ಲ ಆ ಗೋಡೆಗೆ ಹಾಕಿ ನಿಂತು, ಕತ್ತು ತಿರುಗಿಸಿ ನನ್ನ ನೋಡಿ ನಕ್ಕಳು.