ವಿಮಾನದ ಬಾಗಿಲಲ್ಲಿ ನಿಂತ ಅತ್ತೆ

ಅರಸೀಕೆರೆಯಲ್ಲಿ ರೈಲು ಹತ್ತುವಾಗ ಇದ್ದ ಧೈರ್ಯ ವಿಮಾನದ ಬಾಗಿಲಿಗೆ ಬರುವಷ್ಟರಲ್ಲಿ ನಮ್ಮ ಸೋದರತ್ತೆಗೆ ಉಳಿದಿರಲಿಲ್ಲ. ದೆಹಲಿಯಲ್ಲಿ ಮಗಳಿಗೆ ಹೆರಿಗೆ, ಹೋಗಲೇಬೇಕು. ಆದರೂ ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟು, ಜೊತೆಗೆ ಹೊರಟಿದ್ದ ನನ್ನತ್ತ ತಿರುಗಿದರು.

“ಟಿಕೀಟಲ್ಲಿ ಒಂದು ಹೆಸ್ರು, ಇದ್ರ ಮೈಮೇಲೆ ಇನ್ನೊಂದು ಐತಲ್ಲೋ!”

“ಟಿಕೆಟ್ ಮಾರೋದು ದೊಡ್ಡ ಕಂಪನಿ ಅತ್ತೆ, ಓಡಿಸೋದು ಅದರದೇ ಸಣ್ಣ ಕಂಪನಿ. ತಿಂಡಿ ಕೊಡಲ್ಲ, ಅಷ್ಟೇ.”

“ತಿಂಡಿ ಮನೆ ಹಾಳಾಗ್ಲಿ. ನಮ್ಮ ಅರೇಹಳ್ಳಿ ಬಸ್ಸಿಗೆ ಯಾರ ಬೋರ್ಡಾದ್ರೂ ಇರ್ಲಿ, ನಾವು ಡ್ರೈವರ್ ಮುಖ ನೋಡಿ ಹತ್ತೋದು ಕಣೋ. ಕರಿ ಅವ್ನ.”

ಹಿಂದಿನವರು ಗೊಣಗಿದರು. ಗಗನಸಖಿ ನಗುತ್ತಾ ಒಳಗೆ ಹೋಗಿ ಕರೆತಂದ ಪೈಲಟ್ ಎಳೆ ಮುಖದ ಹೆಣ್ಣುಮಗಳು. ಕೈಮುಗಿದಳು.

ಅತ್ತೆ ಅವಳ ಗಲ್ಲ ಸವರಿ ಕೇಳಿದರು: “ಊಟ ಮಾಡಿದ್ಯೇನವ್ವ?”

“ಆಯ್ತಮ್ಮ.”

“ಹಂಗಾದ್ರೆ ನಡಿ” ಎಂದು ಬಲಗಾಲಿಟ್ಟು ಒಳಗೆ ಹೋದರು.