ಕೆಂಪು ಪಟ್ಟಿ ತಪ್ಪಿದ ಬಾವಿ

ಉಮರ್ಗಾ ಸೀಮೆಯಲ್ಲಿ ಇನ್ನೂ ನಿಜಾಮರ ಅಮಲು ನಡೆದಿದ್ದ ದಿನಗಳವು. ಗುಂಜೋಟಿಯಲ್ಲಿ ನಾವೆಲ್ಲ ಕುಡಿಯುತ್ತಿದ್ದದ್ದು ಮೆಟ್ಟಿಲ ಬಾವಿಯ ನೀರು. ಜನ ನೀರಿಗೇ ಕಾಲಿಟ್ಟು ಇಳಿದು ಕೊಡ ತುಂಬುತ್ತಿದ್ದರು. ಬೇಸಿಗೆ ಬಂತೆಂದರೆ ಮನೆಗೊಬ್ಬರಿಗೆ ನಾರುಹುಣ್ಣು. ಆ ವರ್ಷ ನಮ್ಮ ಅವ್ವನ ಸರದಿ. ಕಾಲಿನಿಂದ ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿಕೊಂಡು ಕುಂಟುತ್ತಲೇ ನೀರು ಹೊತ್ತಳು. ಹುಳು ನಡುವೆ ತುಂಡಾಗಿ ಕಾಲು ಬಾತುಕೊಂಡಿತು. ಅದಕ್ಕೆ ಕಟ್ಟುತ್ತಿದ್ದ ಅರೆದ ಬೇವಿನ ಸೊಪ್ಪಿನ ವಾಸನೆ ಈಗಲೂ ಮೂಗಿಗೆ ಬಡಿದರೆ ನನಗೆ ಊಟ ಸೇರುವುದಿಲ್ಲ.

ಅಪ್ಪ ಹಟಕ್ಕೆ ಬಿದ್ದು ಹಿತ್ತಲ ಹೊಲದಲ್ಲಿ ಬಾವಿ ತೋಡಿಸತೊಡಗಿದ. ಒಡ್ಡರು ಕರಿಕಲ್ಲು ಒಡೆದು ಮೇಲೆ ಹಾಕುತ್ತಿದ್ದರು. ಕೆಲವು ಕಲ್ಲಿನ ಹೊಟ್ಟೆಯಲ್ಲಿ ಸಕ್ಕರೆಯಂಥ ಬಿಳಿ ಹರಳು ಇರುತ್ತಿದ್ದವು. ಅಪ್ಪನಿಗೆ ರೊಟ್ಟಿ, ಪುಂಡಿಪಲ್ಯ ಒಯ್ದು ಕೊಟ್ಟು ನಾನು ಆ ಹರಳು ಆರಿಸಿಕೊಂಡು ಆಡುತ್ತಿದ್ದೆ. ನಮ್ಮ ಕಡೆ ಕರಿಕಲ್ಲಿನ ಕೆಳಗೆ ಒಂದು ಕೆಂಪು ಮಣ್ಣಿನ ಪಟ್ಟಿ ಸಿಗುತ್ತದೆ. ಅದರ ಬುಡದಲ್ಲೇ ನೀರು. ಪಕ್ಕದ ಹೊಲದವರಿಗೆ ಐದಾಳು ಆಳಕ್ಕೆ ಸಿಕ್ಕಿತ್ತು. ನಮ್ಮಲ್ಲೂ ಐದಾಳಿಗೆ ಪೂರ್ವದ ಗೋಡೆಯಲ್ಲಿ ಕೆಂಪು ಕಂಡಿತು, ಆದರೆ ಒಣಗಿತ್ತು. ಪಶ್ಚಿಮಕ್ಕೆ ಹೋಗುತ್ತ ಯಾರೋ ಕತ್ತರಿಸಿದ ಹಾಗೆ ಆ ಪಟ್ಟಿ ನಡುವೆಯೇ ನಿಂತುಬಿಟ್ಟಿತ್ತು. ಅದರಾಚೆ ಬರೀ ಕರಿಕಲ್ಲು. ಆರಾಳು ತೋಡಿದರೂ ಅದೇ ಕಲ್ಲು.

ಒಂದು ದಿನ ಮಧ್ಯಾಹ್ನ ಸರ್ಕಾರದ ಕಲ್ಲುಮಣ್ಣು ಪರೀಕ್ಷಿಸುವ ಸಾಹೇಬರೊಬ್ಬರು ಕುದುರೆ ಹತ್ತಿ ನಿಲಂಗಾಕ್ಕೆ ಹೊರಟಿದ್ದವರು ಬಾವಿ ಕಂಡು ಇಳಿದರು. ಅವರ ಆಳುಗಳು ಬಂಡಿಯೊಂದಿಗೆ ಮುಂದೆ ಹೋಗಿದ್ದರು. ಪಕ್ಕದ ಮನೆಯ ಮುಸಲ್ಮಾನರ ಖಾಲಾನ ಮಕ್ಕಳ ಜೊತೆ ಆಡಿ ಅವರ ದಖನಿ ಮಾತು ಕಲಿತಿದ್ದ ನನ್ನನ್ನೇ, ಸಾಹೇಬರು ಅಂದದ್ದನ್ನು ತಿಳಿಸಲು, ಮುತ್ಯಾ ಕರೆದ. ಮನೆಯಲ್ಲಿ ಅಜ್ಜನಿಗೆ ನಾವು ಹಾಗೇ ಅನ್ನುತ್ತಿದ್ದೆವು. ಎಲ್ಲರ ಮುಂದೆ ನಾನು ಉಬ್ಬಿಹೋದೆ. ಆದರೆ ಸಾಹೇಬರದು ಹೈದರಾಬಾದಿನ ನಯವಾದ ಉರ್ದು. ಕಲ್ಲು, ಒಡೆದದ್ದು ಎಂಬೆರಡೇ ಮಾತು ನನ್ನ ಕೈಗೆ ಸಿಕ್ಕವು. ಅವರು ಎರಡು ಅಂಗೈಗಳನ್ನು ಓರೆಯಾಗಿ ಜೋಡಿಸಿ ಒಂದನ್ನು ಕೆಳಗೆ ಜಾರಿಸಿ ತೋರಿಸಿದರು. 'ನಾರ್ಮಲ್ ಫಾಲ್ಟ್' ಎಂದು ಎರಡು ಸಲ ಅಂದು ಕುದುರೆ ಹತ್ತಿದರು.

"ಏನಂದಾರ ಸಾಹೇಬ್ರು?" ಮುತ್ಯಾ ಕೇಳಿದ.

"ಇಲ್ಲಿ ಕಲ್ಲು ಒಡದದ ಅಂತ, ಮುತ್ಯಾ."

"ಮತ್ತೇನಂದಾರ?"

"ಅಷ್ಟೇ."

ಮುತ್ಯಾನ ಮುಖ ಕಪ್ಪಿಟ್ಟಿತು. ಕೊರಳ ಲಿಂಗ ಚೂರು ಮುಕ್ಕಾದರೂ ಅದು ಭಿನ್ನವಾಯಿತೆಂದು ಊಟ ಬಿಡುವ ಮನೆ ನಮ್ಮದು. "ಭಿನ್ನ ಆಗಿದ್ದ ನೆಲದ ನೀರು ಲಿಂಗಕ್ಕ ಎರೀಲಿಕ್ಕಿ ಬರಲ್ಲ. ಸಾಕು ಮಾಡ್ರಿ," ಅಂದ. ಅಪ್ಪ ಎಷ್ಟು ಕೂಗಾಡಿದರೂ ಕೇಳಲಿಲ್ಲ. ಮರುದಿನ ಒಡ್ಡರು ಹಾರೆ, ಬುಟ್ಟಿ ಕಟ್ಟಿಕೊಂಡು ಹೊರಟರು. ಬಾವಿಯ ಸುತ್ತ ಜಾಲಿಮುಳ್ಳು ಬಿತ್ತು. ಅವ್ವ ಕಾಲಿಗೆ ಬಟ್ಟೆ ಬಿಗಿದುಕೊಂಡು ಮತ್ತೆ ಮೆಟ್ಟಿಲಿಳಿದಳು.

ಎರಡು ದಿನ ನನಗೆ ನಿದ್ದೆ ಹತ್ತಲಿಲ್ಲ. ಕೊನೆಗೆ, ಸಾಹೇಬರು ಇನ್ನೂ ಏನೋ ಹೇಳಿದ್ದರು, ನನಗೆ ತಿಳಿಯಲಿಲ್ಲ ಎಂದು ಅಪ್ಪನ ಮುಂದೆ ಅತ್ತೆ. ಅಪ್ಪ ಬೈಯದೆ ನಿಲಂಗಾಕ್ಕೆ ನಡೆದ. ಅಷ್ಟರಲ್ಲಿ ಸಾಹೇಬರು ಡೇರೆ ಕಿತ್ತು ಉದಗೀರಕ್ಕೆ ಹೋಗಿದ್ದರು. ಉದಗೀರಕ್ಕೂ ಹೋದ, ಅಲ್ಲಿಂದಲೂ ಹೋಗಿಬಿಟ್ಟಿದ್ದರು. ನಾನು ಶಾಲೆಯ ಮಾಸ್ತರರನ್ನು ಕೇಳಿದೆ. ಹೆಣ್ಣು ಹುಡುಗಿಗೆ ಆ ಉಸಾಬರಿ ಯಾಕೆ ಅಂದರು. ಅವರಿಗೂ ಗೊತ್ತಿರಲಿಲ್ಲ, ಅಷ್ಟೇ. ಆ ಎರಡು ಶಬ್ದಗಳನ್ನು ಬಾಯಿಪಾಠ ಮಾಡಿಕೊಂಡು ವರ್ಷಗಟ್ಟಲೆ ಕಂಡಕಂಡವರನ್ನು ಕೇಳಿದೆ. ಏನೋ ತಪ್ಪು ಅಂತ ಅರ್ಥ ಎಂದು ಒಬ್ಬ ಹೇಳಿದ. ನನ್ನ ತಲೆ ಸಿಡಿದುಹೋಗುತ್ತಿತ್ತು.

ಕೊನೆಗೆ ತಿಳಿಸಿದವನು ನನ್ನ ಮಗ, ಕಾಲೇಜಿನ ರಜೆಗೆ ಬಂದಾಗ. ರೊಟ್ಟಿಯ ಅಟ್ಟಿಯ ನಡುವೆ ಒಂದು ಕೆಂಪು ವಸ್ತ್ರ ಇಟ್ಟು, ಎಲ್ಲವನ್ನೂ ಕುಡಗೋಲಿನಿಂದ ಓರೆಯಾಗಿ ಕೊಯ್ದ. ಕೊಯ್ದ ಗೆರೆಯ ಮೇಲೆ ಒರಗಿದ್ದ ಭಾಗವನ್ನು ಕೆಳಗೆ ಜಾರಿಸಿದ. "ನೆಲಾ ಎರಡೂ ಕಡಿ ಜಗ್ಗಿದಾಗ ಹಿಂಗ ಸೀಳ್ತದ, ಅವ್ವಾ. ಒಂದು ಮಗ್ಗಲು ಕೆಳಗ ಜಾರ್ತದ. ನಿಮ್ಮ ಕೆಂಪು ಪಟ್ಟಿ ಎಲ್ಲೂ ಹೋಗಿಲ್ಲ, ಪಶ್ಚಿಮದ ಕಡಿ ಇನ್ನಾ ಕೆಳಗ ಅದ." ನೀರೂ ಅಲ್ಲಿಗೇ ಇಳಿದಿರಬೇಕು ಅಂದ. ಎಷ್ಟು ಕೆಳಗೆ ಎಂದು ಕೇಳಿದೆ. ಒಂದಾಳೋ ನಾಲ್ಕಾಳೋ, ತೋಡದೆ ಹೇಳಲಾಗದಂತೆ. ಅಪ್ಪ ಆ ಬಾವಿಯನ್ನು ಎಂದೋ ಮುಚ್ಚಿಸಿದ್ದ. ಕಲಿಯುವುದಕ್ಕೆ ಮೂವತ್ತು ವರ್ಷ ಹಿಡಿದ ವಿದ್ಯೆಯನ್ನು ಒಲೆಗೆ ಹಾಕಬೇಕು ಅನ್ನಿಸಿತು.

ನಮ್ಮ ಅವ್ವ ಗೋಡೆಗೆ ಒರಗಿ ಸೊಟ್ಟಗಾದ ಕಾಲು ಚಾಚಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಹೋಗ್ಲಿ ಬಿಡು. ನೀ ಆವಾಗ ಸಣ್ಣಾಕಿ ಇದ್ದಿ," ಅಂದಳು.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಈಗ ಅವ್ವನಿಲ್ಲ, ಅಪ್ಪನಿಲ್ಲ, ಬಾವಿ ಎಲ್ಲಿತ್ತೆಂದು ತೋರಿಸುವವರೂ ಇಲ್ಲ. ನೆಲದ ಒಡಕು ಯಾರ ತಪ್ಪೂ ಅಲ್ಲ. ನನಗೆ ಸಿಟ್ಟು ನನ್ನ ಮೇಲೆಯೇ. ಅಂದು ಮುತ್ಯಾ ಎರಡನೆಯ ಸಲ ಕೇಳಿದಾಗ, ನನಗೆ ತಿಳಿಯಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾಹೇಬರ ಕುದುರೆ, ನಾವು ಕೂಗಿ ಕರೆದರೆ ಕೇಳುವಷ್ಟು ದೂರದಲ್ಲೇ ಇನ್ನೂ ಇತ್ತು.