ಚನ್ನಾಜಮ್ಮ ತೊಳೆದ ಗೋಡೆ

ಟಿ. ನರಸೀಪುರದ ಕೆಳಗೆ ಕಾವೇರಿಯ ನಡುವಿನ ತಿಟ್ಟುಗಳಲ್ಲಿ ಮೂರು ಮನೆಗಳಿವೆ. ಉಳ್ಳವರ ಮನೆಗಳು. ಹೊಳೆ ನಡುವಿನ ನೆಲ ಒಬ್ಬನ ಸ್ವತ್ತಾಗೋದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ವರ್ಷಕ್ಕೊಂದು ಭಾನುವಾರ ಆ ಮನೆಗಳ ಬಾಗಿಲು ತೆರೆಯುತ್ತೆ. ಟಿಕೆಟ್ ಕೊಂಡವರು ತೆಪ್ಪದಲ್ಲಿ ತಿಟ್ಟಿನಿಂದ ತಿಟ್ಟಿಗೆ ಹೋಗಿ ಚಿತ್ರ, ಕಂಚಿನ ಮೂರ್ತಿ ಎಲ್ಲ ನೋಡುತ್ತಾರೆ. ಬಂದ ದುಡ್ಡು ಒಳ್ಳೇ ಕೆಲಸಕ್ಕೆ ಹೋಗುತ್ತೆ.

ಕೊನೇ ಮನೆ ಬದರೀನಾರಾಯಣರದು. ನಂಜನಗೂಡಿನವರು, ಡ್ರಾಯಿಂಗ್ ಮೇಷ್ಟರಾಗಿದ್ದವರು. ಮಾವ ಕೊಟ್ಟ ತೆಂಗಿನ ತೋಟದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಆ ಮನೆ ನೋಡಿಕೊಳ್ಳುವವಳು ಚನ್ನಾಜಮ್ಮ. ನಾಲೆ ನೀರಿನ ಚಳವಳಿಯಿಂದ ಅವಳನ್ನು ಬಲ್ಲೆ. ನಮ್ಮನ್ನೆಲ್ಲ ಪೊಲೀಸ್ ವ್ಯಾನಿಗೆ ತುಂಬುವಾಗ "ಕಿಟ್ಕಿ ಪಕ್ಕ ನಂಗೆ" ಅಂತ ಜಗಳ ತೆಗೆದವಳು.

ಈ ಸಲದ ದುಡ್ಡಲ್ಲಿ ಬನ್ನೂರು ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿಗೆ ಕಕ್ಕಸ್ಸು ಕಟ್ಟಿಸೋದು ಅಂತ ತೀರ್ಮಾನವಾಗಿತ್ತು. ಚನ್ನಾಜಮ್ಮನ ಮೊಮ್ಮಗಳು ವಾಣಿ ಅಲ್ಲೇ ಇದ್ದು ಓದುತ್ತಿದ್ದಳು. ಅಷ್ಟೂ ಹುಡುಗಿಯರಿಗೆ ಇದ್ದದ್ದು ಒಂದೇ ಕಕ್ಕಸ್ಸು, ಸಾಲಲ್ಲಿ ಕಾಯಲಾಗದವರು ಬಯಲಿಗೆ ಹೋಗಬೇಕು. "ಬಯಲಿಗೆ ಓಗಕಾಗಕಿಲ್ಲ ಕಣಜ್ಜಿ. ಬೇಸ್ಗೆ ರಜಕ್ಕೆ ಬಂದ್ರೆ ಮತ್ತೆ ಓಗಕಿಲ್ಲ" ಅಂದುಬಿಟ್ಟಿದ್ದಳು. ಹುಡುಗಿಯ ಓದು ಆ ಭಾನುವಾರದ ಮೇಲೆ ನಿಂತಿತ್ತು.

ಜನ ಹೆಚ್ಚಾಗಿ ಬರುತ್ತಿದ್ದದ್ದು ಮೇಷ್ಟರ ಜಗಲಿ ಗೋಡೆ ನೋಡೋಕೆ. ಈ ಸಲ ಹೊಳೆ ದಾಟುವ ಎಮ್ಮೆಗಳನ್ನು ಇದ್ದಿಲಲ್ಲಿ ಹೊಸದಾಗಿ ಬರೆದಿದ್ದರು. ಎಮ್ಮೆ ಅಂತ ಅವರು ಹೇಳಬೇಕು. ನಮ್ಮಂಥವರಿಗೆ ಅದು ಒಲೆ ಹೊಗೆ ಹಿಡಿದ ಗೋಡೆ. ಅವರು ಬರೆಯುವಾಗ ಚನ್ನಾಜಮ್ಮ ಕವಲಂದೆಯಲ್ಲಿ ನೆಂಟರ ಮದುವೆ ಮನೆಯಲ್ಲಿದ್ದಳು.

ಭಾನುವಾರ ಬೆಳಿಗ್ಗೆ ಅವಳು ಬರುತ್ತಿದ್ದಂತೆ ಮೇಷ್ಟರು, "ಚನ್ನಾಜಮ್ಮ, ಜನ ಬರೋದ್ರೊಳಗೆ ಜಗಲಿ ಗೋಡೆ ಮೇಲಿನ ಕಲೆ ಸ್ವಲ್ಪ ನೋಡ್ಕೋಮ್ಮ" ಅಂದು ಸ್ನಾನಕ್ಕೆ ಹೋದರು. ಅವಳು ನೋಡಿಕೊಂಡಳು. ಸೋಪಿನ ನೀರು, ತೆಂಗಿನ ನಾರು, ರಟ್ಟೆಯ ಶಕ್ತಿ. ಮೇಷ್ಟರು ಪಂಚೆ ಸುತ್ತಿಕೊಳ್ಳುತ್ತಾ ಬಂದಾಗ ಒಂದು ಎಮ್ಮೆಯ ಬಾಲ ಮಾತ್ರ ಉಳಿದಿತ್ತು.

"ಅಯ್ಯೋ! ಕಲೆ ಅಂದ್ರೆ ಚಿತ್ರಕಲೆ ಕಣಮ್ಮಾ!"

"ನಮ್ಮಟ್ಟೀಲಿ ಕಲೆ ಅಂದ್ರೆ ಎಣ್ಣೆ ಕಲೆ, ಬಾಳೆಕಾಯಿ ಕಲೆ. ಕಂಡ್ರೆ ಉಜ್ಜದೇಯ. ಚಿತ್ರ ಅಂತ ಯೋಳಕೇನಾಗಿತ್ತು ಮೇಷ್ಟ್ರೇ ನಿಮ್ಗೆ?"

ಜಗಳಕ್ಕೆ ಹೊತ್ತಿರಲಿಲ್ಲ. ತೆಪ್ಪಗಳು ದಡ ಮುಟ್ಟಿದ್ದವು. ಚನ್ನಾಜಮ್ಮ ಸೆರಗು ಸಿಕ್ಕಿಸಿಕೊಂಡು ಒದ್ದೆ ಗೋಡೆಯ ಮುಂದೆ ನಿಂತಳು.

"ಇಲ್ಲಿ ಎಮ್ಮೆ ಚಿತ್ರ ಇತ್ತು. ಕೊಳೆ ಅಂತ ನಾನೇ ತೊಳ್ದಾಕ್ದೆ. ಮೇಷ್ಟ್ರುದು ಏನೂ ತಪ್ಪಿಲ್ಲ."

ಕೆಲವರು ನಕ್ಕರು. ಮೈಸೂರಿನಿಂದ ಹೆಂಡತಿ ಜೊತೆ ಬಂದಿದ್ದ ಹರಿಪ್ರಸಾದ್ ನಗಲಿಲ್ಲ. "ಇದನ್ನ ನೋಡೋಕೇ ನಾವು ಬಂದಿದ್ದು. ಟಿಕೆಟ್ ದುಡ್ಡು ವಾಪಸ್ ಕೊಡಿ." ಹಿಂದಿನಿಂದ ಇನ್ನೂ ನಾಲ್ಕಾರು ಜನ "ಹೌದು ಹೌದು" ಅಂದರು.

"ತಕಳಿ ಸಾ," ಅಂದಳು ಚನ್ನಾಜಮ್ಮ. "ಬನ್ನೂರು ಕಡೆಯಿಂದ ಓದ್ರೆ ದಾರೀಲೇ ಆ ಆಸ್ಟಲ್ಲು ಸಿಕ್ತದೆ. ಇಳ್ದು ಕಕ್ಕಸ್ಸಿನ ಸಾಲಲ್ಲಿ ನಿಂತ್ಕಳಿ. ನಿಮ್ ಸರದಿ ಬರೋಗಂಟ ತಡ್ಕೊಳಕಾದ್ರೆ ಕಾಸು ನಿಮ್ದೇ. ಆಗ್ನಿಲ್ಲ ಅಂದ್ರೆ ಅಲ್ಲೇ ಕೊಟ್ಬುಡಿ."

ಹರಿಪ್ರಸಾದರ ಹೆಂಡತಿ ಕಿಸಕ್ಕನೆ ನಕ್ಕರು. "ಇಲ್ಲಿಗೆ ಬರೋಷ್ಟರಲ್ಲಿ ಎರಡು ಸಲ ಕಾರು ನಿಲ್ಲಿಸಿದ್ರಿ. ನೀವು ತಡ್ಕೋತೀರಾ? ಸುಮ್ನಿರಿ."

ತೆಪ್ಪದವರೂ ನಕ್ಕರು. ಕೊನೆಗೆ ಹರಿಪ್ರಸಾದರೂ ನಕ್ಕರು. ವಾಪಸ್ಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಬೇಸಿಗೆಯ ಮೊದಲೇ ಕಕ್ಕಸ್ಸುಗಳು ಎದ್ದವು. ಉದ್ಘಾಟನೆಗೆ ಬಾಗಿಲಿಗೆ ಟೇಪು ಕಟ್ಟಿದ್ದರು. ಕತ್ತರಿ ಯಾರು ಹಿಡಿಯಬೇಕು ಅಂತ ಗಣ್ಯರು "ನೀವು, ನೀವು" ಅಂತ ಉಪಚಾರ ಮಾಡುತ್ತಾ ನಿಂತರು. ಅಷ್ಟರಲ್ಲಿ ವಾಣಿ ಟೇಪಿನ ಕೆಳಗೆ ನುಸುಳಿ ಒಳಗೆ ಓಡಿ ಚಿಲಕ ಹಾಕಿಕೊಂಡಳು.

"ಆಯ್ತಲ್ಲ ಉದ್ಘಾಟ್ನೆ," ಅಂದಳು ಚನ್ನಾಜಮ್ಮ. "ನಡೀರಿ, ಅನ್ನ ಆರೋಯ್ತದೆ."